ಹಾವಿಗೆ ಹೊದಿಸಿದ ಕಂಬಳಿ

ಭಾಗ 1/5 🐍

ಬಾಲ್ ಪೈಥಾನ್ ಸಾಕೋರ ರೀಲ್ಸ್ ನಿಮ್ ಫೀಡಲ್ಲೂ ಬಂದಿರುತ್ತೆ. ಗಾಜಿನ ಪೆಟ್ಟಿಗೆ, ಒಳಗೊಂದು ಹಾವು, ಮೇಲೊಂದು ಬಲ್ಬ್. ಕಾಮೆಂಟಲ್ಲಿ ಎಲ್ರೂ ಹಾವಿನ ಬಣ್ಣ ಹೊಗಳ್ತಾರೆ, ರೇಟ್ ಕೇಳ್ತಾರೆ. ಆ ಬಲ್ಬ್ ಯಾಕೆ ಅಂತ ಕೇಳೋರು ಕಮ್ಮಿ. ಈ ಸೀರೀಸ್ ಆ ಬಲ್ಬಿನ ಚರಿತ್ರೆ.

ಬಲ್ಬ್ ಬರೋಕೆ ಮುಂಚೆ ಏನಿತ್ತು ಗೊತ್ತಾ? ಕಂಬಳಿ!

ತಮಾಷೆ ಅಲ್ಲ ಗುರು. 19ನೇ ಶತಮಾನದ ಮಧ್ಯದಲ್ಲಿ ಲಂಡನ್ ಮೃಗಾಲಯದಲ್ಲಿ ದೊಡ್ಡ ಹಾವುಗಳಿಗೆ ಚಳಿ ಆಗ್ಬಾರ್ದು ಅಂತ ಕಂಬಳಿ ಹಾಕ್ತಿದ್ರು. ಅಲ್ಲಿದ್ದ ಒಂದು ಬೋವಾ ಹಾವು ಆ ಕಂಬಳಿನೇ ನುಂಗ್ಬಿಡ್ತು. ವಾರಗಟ್ಟಲೆ ಹೊಟ್ಟೇಲಿಟ್ಕೊಂಡಿದ್ದು ಆಮೇಲೆ ಕಕ್ತು.

ನಗು ಬರುತ್ತೆ. ಆದ್ರೆ ಕಂಬಳಿ ನಿಜವಾಗ್ಲೂ ಏನ್ ಮಾಡುತ್ತೆ ಯೋಚ್ನೆ ಮಾಡಿ. ನಮ್ ಮೈಯಲ್ಲಿ ಹುಟ್ಟೋ ಬಿಸಿ ಹೊರಗೆ ಹೋಗದಂಗೆ ತಡೆಯುತ್ತೆ, ಅಷ್ಟೇ. ಹಾವಿನ ಮೈಯಲ್ಲಿ ಹುಟ್ಟೋ ಬಿಸಿ ತೀರಾ ಕಮ್ಮಿ. ಕಲ್ಲಿಗೆ ಕಂಬಳಿ ಹೊದಿಸಿದ್ರೆ ಕಲ್ಲು ಬೆಚ್ಚಗಾಗುತ್ತಾ? ಹಂಗೇ ಇದು. ಪ್ರೀತಿಯಿಂದಲೇ ಹೊದಿಸಿದ್ರು, ಆದ್ರೆ ಮನುಷ್ಯರ ಮೈ ಲೆಕ್ಕದಲ್ಲಿ ಹೊದಿಸಿದ್ರು.

ಭಾಗ 2/5

ಹಾವಿಗೆ ಬಿಸಿ ಅನ್ನೋದು ಊಟದಷ್ಟೇ ಮುಖ್ಯ. ಮೈ ತಣ್ಣಗಿದ್ರೆ ನುಂಗಿದ ಇಲಿ ಜೀರ್ಣ ಆಗಲ್ಲ, ಹೊಟ್ಟೇಲೇ ಕೊಳೆಯುತ್ತೆ, ಇಲ್ಲಾ ಹಾವು ಅದನ್ನ ಕಕ್ಕುತ್ತೆ. ತುಂಬಾ ದಿನ ಹಂಗೇ ಇದ್ರೆ ಶ್ವಾಸಕೋಶಕ್ಕೆ ಸೋಂಕು ತಗುಲುತ್ತೆ.

1849ರಲ್ಲಿ ಲಂಡನ್ ಮೃಗಾಲಯದಲ್ಲಿ ಸರೀಸೃಪಗಳಿಗೆ ಅಂತಲೇ ಒಂದು ಕಟ್ಟಡ ಶುರುವಾಯ್ತು. ಪ್ರಪಂಚದಲ್ಲೇ ಅಂಥದ್ದು ಮೊದಲು. ಆಗಿನವ್ರ ಯೋಚ್ನೆ ಸರಳ: ಹಾವು ಬಿಸಿ ದೇಶದ್ದು, ಹಂಗಾಗಿ ಅದಿರೋ ಜಾಗ ಬೆಚ್ಚಗಿಡೋಣ. ಎಷ್ಟು ಬೆಚ್ಚಗೆ, ಯಾವಾಗ, ಯಾವ ಮೂಲೇಲಿ ಅನ್ನೋ ಪ್ರಶ್ನೆಗಳು ಇನ್ನೂ ಹುಟ್ಟಿರಲಿಲ್ಲ.

ಇದ್ರಲ್ಲೊಂದು ಮಜವಾದ ಅಪವಾದ ಇದೆ. ಭಾರತದಲ್ಲಿ ಓಡಾಡಿ ಹೋಗಿದ್ದ ಲಾಮಾರ್ ಪಿಕೋ ಅನ್ನೋ ಫ್ರೆಂಚ್ ಪ್ರಯಾಣಿಕ, ತಾಯಿ ಹೆಬ್ಬಾವು ಮೊಟ್ಟೆ ಸುತ್ತ ಸುತ್ಕೊಂಡು ಕೋಳಿ ಥರ ಕಾವು ಕೊಡುತ್ತೆ ಅಂತ ಪ್ಯಾರಿಸ್‌ನಲ್ಲಿ ಹೇಳ್ದ. ಅಲ್ಲಿನ ಪಂಡಿತರು ನಂಬಲಿಲ್ಲ. 1841ರಲ್ಲಿ ಪ್ಯಾರಿಸ್‌ನಲ್ಲೇ ಒಂದು ಹೆಬ್ಬಾವು ಮೊಟ್ಟೆ ಇಡ್ತು. ವಿಜ್ಞಾನಿ ವಾಲನ್ಸಿಯೆನ್ ಥರ್ಮಾಮೀಟರ್ ಇಟ್ಟು ನೋಡಿದ್ರು. ಅದರ ಸುತ್ತುಗಳ ಒಳಗೆ ಹೊರಗಿನ ಗಾಳಿಗಿಂತ ಜಾಸ್ತಿ ಬಿಸಿ! ಅದು ಹೆಂಗೆ ಅನ್ನೋದನ್ನ 1966ರಲ್ಲಿ ನ್ಯೂಯಾರ್ಕ್‌ನ ಮೃಗಾಲಯದಲ್ಲಿ ಅಳತೆ ಮಾಡಿ ತೋರಿಸಿದ್ರು: ತಾಯಿ ಹಾವು ಮಾಂಸಖಂಡಗಳನ್ನ ಬಿಗಿ ಹಿಡಿದು ಅದುರಿಸಿ ಬಿಸಿ ಹುಟ್ಟಿಸುತ್ತೆ. ಕಾವು ಕೊಡೋ ದಿನಗಳಲ್ಲಿ ಮಾತ್ರ. ಮಿಕ್ಕ ದಿನ ಅದೂ ಎಲ್ಲಾ ಹಾವಿನಂಗೆ ಬಿಸಿಲನ್ನೇ ನಂಬ್ಕೊಂಡಿರುತ್ತೆ.

ಭಾಗ 3/5 💡

ಈಗ ಕರೆಂಟ್ ವಿಷಯ. ಕರೆಂಟ್ ಅಂದ್ರೆ ನಮ್ ಜಿಲ್ಲೆ ನೆನಪಾಗ್ಬೇಕು. 1902ರಲ್ಲೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬ್ಲಫ್‌ನಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. ಆಮೇಲೆ 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆಗ ಕರೆಂಟ್ ಅಂದ್ರೆ ಗಣಿ, ಮಿಲ್ಲು, ಬೀದಿ ದೀಪ. ಹಾವಿಗೆ ಬೇಕಾದ ಕಡೆ, ಬೇಕಾದಷ್ಟೇ ಬಿಸಿ ಕೊಡೋಕೂ ಇದೇ ಕರೆಂಟ್ ಆಗುತ್ತೆ ಅಂತ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರು ಜೋನ್ ಪ್ರಾಕ್ಟರ್.

1897ರಲ್ಲಿ ಹುಟ್ಟಿದವರು. ಕಾಯಿಲೆಯಿಂದ ಯೂನಿವರ್ಸಿಟಿಗೆ ಹೋಗೋಕೇ ಆಗಲಿಲ್ಲ. ಆದ್ರೂ 1923ರಲ್ಲಿ, ಇನ್ನೂ 26 ತುಂಬೋ ವಯಸ್ಸಲ್ಲಿ, ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆ ಆದ್ರು. 1927ರಲ್ಲಿ ಅವ್ರು ರೂಪಿಸಿದ ಹೊಸ ಕಟ್ಟಡ ತೆರೀತು. ಅದ್ರಲ್ಲಿ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಮಟ್ಟದ ಕರೆಂಟ್ ಬಿಸಿ ಇತ್ತು. ಒಳಗೊಂದು ಬಿಸಿ ಜಾಗ, ಒಂದು ತಣ್ಣನೆ ಜಾಗ. ಎಲ್ಲಿ ಮಲಗ್ಬೇಕು ಅಂತ ಹಾವೇ ತೀರ್ಮಾನ ಮಾಡ್ಬೋದು. 1931ರಲ್ಲಿ, 34ನೇ ವಯಸ್ಸಿಗೆ ತೀರ್ಕೊಂಡ್ರು. ಇವತ್ತು ಹಾವಿನ ಪೆಟ್ಟಿಗೆಗೆ ಬಲ್ಬನ್ನ ಒಂದೇ ತುದಿಗೆ ಹಾಕ್ತಾರಲ್ಲ, ಅದೇ ಯೋಚ್ನೆ.

ಭಾಗ 4/5 🌡️

ಪ್ರಾಕ್ಟರ್ ಕಟ್ಟಿ ತೋರಿಸಿದ್ದಕ್ಕೆ ವಿಜ್ಞಾನದ ಲೆಕ್ಕ ಸಿಕ್ಕಿದ್ದು 1944ರಲ್ಲಿ. ಕೌಲ್ಸ್ ಮತ್ತು ಬೋಗರ್ಟ್ ಅನ್ನೋ ಇಬ್ಬರು ಅಮೆರಿಕದ ಮರುಭೂಮಿಯ ಹಲ್ಲಿ, ಹಾವುಗಳ ಮೈ ಬಿಸಿ ಅಳೆದ್ರು. ಇವು ಸುತ್ತಲಿನ ಬಿಸಿಗೆ ಸುಮ್ನೆ ತಲೆಬಾಗೋ ಪ್ರಾಣಿಗಳಲ್ಲ ಅಂತ ಗೊತ್ತಾಯ್ತು. ಬಿಸಿಲಿಗೆ ಬರ್ತವೆ, ನೆರಳಿಗೆ ಹೋಗ್ತವೆ, ಬಿಲಕ್ಕೆ ಇಳೀತವೆ. ಹಿಂಗೆ ಓಡಾಡಿನೇ ಮೈ ಬಿಸಿಯನ್ನ ಒಂದು ಮಟ್ಟದಲ್ಲಿ ಹಿಡ್ಕೊಳ್ತವೆ. ಓಡಾಡೋ ದಾರಿ ಮುಚ್ಚಿದ್ರೆ ಮರುಭೂಮಿ ಪ್ರಾಣಿನೂ ಬಿಸಿಲಲ್ಲಿ ಬೇಗ ಸಾಯುತ್ತೆ.

ಅದಕ್ಕೇ ಈಗ ಬಾಲ್ ಪೈಥಾನ್ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ, ಇನ್ನೊಂದು ತುದಿ 24ರಿಂದ 27 ಡಿಗ್ರಿ ಇರ್ಬೇಕು ಅಂತಾರೆ. ನಡುವೆ ಥರ್ಮೋಸ್ಟಾಟ್. ಬಿಸಿ ಜಾಸ್ತಿ ಆದ್ರೆ ಅದೇ ಕರೆಂಟ್ ಕಟ್ ಮಾಡುತ್ತೆ. ಅದಿಲ್ದೆ ಹೀಟ್ ಮ್ಯಾಟ್ ಹಾಕಿದ್ರೆ ಹಾವಿನ ಹೊಟ್ಟೆ ಸುಟ್ಟೋಗುತ್ತೆ.

ಈಗ ಈ ಲೆಕ್ಕ ಮಂಡ್ಯಕ್ಕೆ ತನ್ನಿ. ವಿದೇಶದ ವಿಡಿಯೋಗಳೆಲ್ಲ ಬಿಸಿ ಹೆಂಗೆ ಮಾಡೋದು ಅಂತ ಹೇಳ್ತವೆ. ನಮ್ಗೆ ಡಿಸೆಂಬರ್ ರಾತ್ರಿ ಬಿಸಿ ಬೇಕು, ಏಪ್ರಿಲ್ ಮಧ್ಯಾಹ್ನ ತಂಪು ಬೇಕು. ಶೀಟಿನ ಮನೆ ಒಳಗೇ 35 ದಾಟಿದಾಗ ಪೆಟ್ಟಿಗೆಯ ತಣ್ಣನೆ ತುದಿ ಎಲ್ಲಿಂದ ತರ್ತೀರಿ? ಥರ್ಮೋಸ್ಟಾಟ್ ಬಲ್ಬ್ ಆರಿಸುತ್ತೆ, ರೂಮ್ ತಣ್ಣಗೆ ಮಾಡಲ್ಲ. ಕರೆಂಟ್ ಹೋದ್ರೆ ಫ್ಯಾನೂ ಇಲ್ಲ. ಹಾವಿಗೆ ಕೊಡೋ ದುಡ್ಡು ಒಂದೇ ಸಲ. ಬಿಸಿ-ತಂಪಿನ ಖರ್ಚು ಅದು ಬದುಕಿರೋವರ್ಗೂ, ಅಂದ್ರೆ 20 ವರ್ಷಕ್ಕೂ ಮೇಲೆ. ಬಿಕಾಂ ಓದ್ತಿರೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಭಾಗ 5/5

ಪ್ರಾಕ್ಟರ್ ಕಟ್ಟಿದ್ದು, ಕೌಲ್ಸ್ ಮತ್ತು ಬೋಗರ್ಟ್ ಅಳೆದಿದ್ದು, ನಮ್ ಹೊಲದ ಬದುವಿನಲ್ಲಿ ಮೊದಲಿಂದ ಇದೆ. ಹುತ್ತ. ಗೆದ್ದಲು ಕಟ್ಟಿದ್ದು, ಹಾವು ಸೇರ್ಕೊಂಡಿದ್ದು. ಬಾಯಲ್ಲಿ ಬೆಳಗಿನ ಬಿಸಿಲು. ಒಳಗೆ ಇಳಿದಷ್ಟೂ ಬಿಸಿಲಿನ ಏರಿಳಿತ ಕಮ್ಮಿ. ಹಾವು ಒಂದ್ ಮೊಳ ಮುಂದೆ ಬಂದ್ರೆ ಬಿಸಿ, ಒಂದ್ ಮೊಳ ಹಿಂದೆ ಸರಿದ್ರೆ ತಂಪು. ಷಷ್ಠಿ ದಿನ ನಾವು ತನಿ ಎರೆಯೋದು ಇಂಥ ಮನೆಗೇ.

ಪೆಟ್ಟಿಗೆಲಿ ಇಟ್ಟ ದಿನದಿಂದ ಹಾವಿನ ಆ ಒಂದ್ ಮೊಳದ ಸ್ವಾತಂತ್ರ್ಯ ನಮ್ ಕೈಗೆ ಬರುತ್ತೆ. ಅದನ್ನ ದಿನಾ, ರಾತ್ರಿ ಹಗಲು, ವಾಪಸ್ ಕೊಡ್ತಾ ಇರೋಕಾಗುತ್ತಾ ಅನ್ನೋದೇ ಪ್ರಶ್ನೆ. ಹಾವಾಡಿಗರ ಬುಟ್ಟಿಲಿ ಅದು ಸಿಗ್ತಿರಲಿಲ್ಲ. ರೀಲ್ಸ್‌ನ ಗಾಜಿನ ಪೆಟ್ಟಿಗೆಲಿ ಸಿಗ್ತಿದೆಯಾ, ನೀವೇ ನೋಡಿ.

ಕಾನೂನೂ ತಿಳ್ಕೊಳ್ಳಿ. ನಾಗರ, ಕೇರೆ, ಹೆಬ್ಬಾವು, ಕೊಳಕುಮಂಡಲ ಎಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೇಲಿ ಸಾಕೋ ಹಾಗೇ ಇಲ್ಲ. ಬಾಲ್ ಪೈಥಾನ್‌ನಂಥ ಹೊರದೇಶದ ಹಾವಿಗೂ ಈಗ ಸರ್ಕಾರದಲ್ಲಿ ನೋಂದಣಿ ಬೇಕು.

ಕೊನೇದಾಗಿ, ಹಾವಿಗೆ ಬಿಸಿ ಕೊಡೋ ಇನ್ನೊಂದು ಜಾಗ ಇದೆ. ಡಾಂಬರ್ ರೋಡು. ಹಗಲೆಲ್ಲ ಕಾದಿರುತ್ತೆ, ಕತ್ತಲಾದ್ಮೇಲೂ ಬೆಚ್ಚಗಿರುತ್ತೆ. ಅದಕ್ಕೇ ಹಾವುಗಳು ಬಂದು ಅದರ ಮೇಲೆ ಮಲಗ್ತವೆ. ಕೆ.ಎಂ.ದೊಡ್ಡಿ ಮೇಲೆ ಮದ್ದೂರಿಗೋ ಮಳವಳ್ಳಿಗೋ ರಾತ್ರಿ ಬೈಕಲ್ಲಿ ಹೋಗೋರು, ಕಬ್ಬಿನ ಗದ್ದೆ ಪಕ್ಕ ಬಂದಾಗ ಒಂಚೂರು ನಿಧಾನ ಮಾಡಿ. ಹಾವು ಸಾಕ್ದೇನೇ ಹಾವಿಗೆ ಮಾಡ್ಬೋದಾದ ಉಪಕಾರ ಅದು. 🙏

ಸೇವ್ ಮಾಡ್ಕೊಳ್ಳಿ, ಹಾವು ತರ್ತೀನಿ ಅಂತ ಕುಣೀತಿರೋ ಫ್ರೆಂಡ್‌ಗೆ ಟ್ಯಾಗ್ ಮಾಡಿ.

#ಮಂಡ್ಯ #ಮದ್ದೂರು #ಮಳವಳ್ಳಿ #ಹಾವು #ಚರಿತ್ರೆ #ಕನ್ನಡ