ವಿಶ್ವವಿದ್ಯಾಲಯ ಜಾಲತಾಣಗಳ ವಿಷಯ ನಿರ್ವಹಣೆ

ವಿಷಯ ನಿರ್ವಹಣಾ ವ್ಯವಸ್ಥೆ (ಸಿಎಂಎಸ್) ಎಂಬುದು ಕೋಡ್ ಬರೆಯದೆಯೇ ಜಾಲತಾಣದ ಪುಟಗಳನ್ನು ರಚಿಸಲು, ತಿದ್ದಲು ಮತ್ತು ಪ್ರಕಟಿಸಲು ನೆರವಾಗುವ ತಂತ್ರಾಂಶ. ಪ್ರವೇಶ, ಪಠ್ಯಕ್ರಮ, ಪರೀಕ್ಷೆ ಮೊದಲಾದ ಮಾಹಿತಿಯನ್ನು ಹಲವು ವಿಭಾಗಗಳು ಆಗಾಗ ಬದಲಿಸಬೇಕಾದ ವಿಶ್ವವಿದ್ಯಾಲಯಗಳಿಗೆ ಇದು ಹೆಚ್ಚು ಉಪಯುಕ್ತ.

ಕಾರ್ಯವಿಧಾನ

ಹಿಂದೆ ಪ್ರತಿಯೊಂದು ಪುಟವನ್ನೂ ಪ್ರತ್ಯೇಕ ಎಚ್‌ಟಿಎಂಎಲ್ ಕಡತವಾಗಿ ಸಿದ್ಧಪಡಿಸಲಾಗುತ್ತಿತ್ತು. ಒಂದು ದಿನಾಂಕವನ್ನು ತಿದ್ದಲೂ ತಂತ್ರಜ್ಞರಿಗಾಗಿ ಕಾಯಬೇಕಿತ್ತು. ಸಿಎಂಎಸ್‌ನಲ್ಲಿ ಬರಹವು ದತ್ತಸಂಚಯದಲ್ಲಿಯೂ ವಿನ್ಯಾಸವು ಟೆಂಪ್ಲೇಟ್‌ನಲ್ಲಿಯೂ ಬೇರೆ ಬೇರೆಯಾಗಿರುತ್ತವೆ. ಆದ್ದರಿಂದ ವಿಷಯ ಬಲ್ಲ ಅಧ್ಯಾಪಕರೇ ಅಥವಾ ಕಚೇರಿ ಸಿಬ್ಬಂದಿಯೇ ಬರಹವನ್ನು ತಿದ್ದಬಹುದು. ಡ್ರುಪಾಲ್ (2001), ವರ್ಡ್‌ಪ್ರೆಸ್ (2003) ಮತ್ತು ಜೂಮ್ಲಾ (2005) ಈ ಬಗೆಯ ಪ್ರಸಿದ್ಧ ಮುಕ್ತ ತಂತ್ರಾಂಶಗಳು. ಇವುಗಳಲ್ಲಿ ಬಳಕೆದಾರರ ಅಧಿಕಾರವನ್ನು ಹಂತ ಹಂತವಾಗಿ ನಿಗದಿಪಡಿಸಬಹುದು. ಉದಾಹರಣೆಗೆ, ವರ್ಡ್‌ಪ್ರೆಸ್‌ನಲ್ಲಿ ‘ಕೊಡುಗೆದಾರ’ರು ಬರಹವನ್ನು ಸಿದ್ಧಪಡಿಸಬಹುದು, ಆದರೆ ಅದನ್ನು ಪ್ರಕಟಿಸುವ ಅಧಿಕಾರ ‘ಸಂಪಾದಕ’ರಿಗಿರುತ್ತದೆ.

ಕರ್ನಾಟಕದಲ್ಲಿ

1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ಮುಖ್ಯ ಆವರಣವು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿದೆ. ಪುಂಜಾಲಕಟ್ಟೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂತೆ ಅದರ ಅನೇಕ ಸಂಯೋಜಿತ ಕಾಲೇಜುಗಳು ಗ್ರಾಮೀಣ ಪ್ರದೇಶಗಳಲ್ಲಿವೆ. ಶುಲ್ಕ ಪಾವತಿಯ ಕೊನೆಯ ದಿನಾಂಕವು ಜಾಲತಾಣದಲ್ಲಿ ಸ್ಪಷ್ಟವಾಗಿ ದೊರೆತರೆ ಇಂತಹ ಕಡೆಯ ವಿದ್ಯಾರ್ಥಿಗೆ ದಂಡವೂ ದೂರದ ಪ್ರಯಾಣವೂ ತಪ್ಪುತ್ತವೆ.

ರಾಜ್ಯದ ಪದವಿ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ‘ಯುಯುಸಿಎಂಎಸ್’ ಹೆಸರಿನಲ್ಲಿಯೂ ‘ಸಿಎಂಎಸ್’ ಎಂಬ ಅಕ್ಷರಗಳಿವೆ. ಅಲ್ಲಿ ಅವು ‘ಕಾಲೇಜು ನಿರ್ವಹಣಾ ವ್ಯವಸ್ಥೆ’ಯನ್ನು ಸೂಚಿಸುತ್ತವೆ. ಅದು ಪ್ರವೇಶ, ಪರೀಕ್ಷೆ ಮುಂತಾದ ವಿದ್ಯಾರ್ಥಿ ದಾಖಲೆಗಳ ವ್ಯವಸ್ಥೆಯೇ ಹೊರತು ಜಾಲತಾಣದ ಪುಟಗಳನ್ನು ರೂಪಿಸುವ ತಂತ್ರಾಂಶವಲ್ಲ.

ಸುಧಾರಣೆಯ ಅಂಶಗಳು

ಕನ್ನಡ ಪಠ್ಯ: ಯೂನಿಕೋಡ್‌ಗೆ ಮೊದಲಿನ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಅಥವಾ ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸಿದ ಸುತ್ತೋಲೆಗಳು ಹುಡುಕಾಟದಲ್ಲಿ ಸುಲಭವಾಗಿ ಸಿಗುವುದಿಲ್ಲ. ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುವ ತಂತ್ರಾಂಶಕ್ಕೂ ಅವು ತೊಡಕಾಗುತ್ತವೆ. ಯೂನಿಕೋಡ್ ಪಠ್ಯದಿಂದ ಇವೆರಡೂ ಸಮಸ್ಯೆಗಳು ಬಹುಮಟ್ಟಿಗೆ ಪರಿಹಾರವಾಗುತ್ತವೆ.

ಸುಗಮ್ಯತೆ: ಭಾರತ ಸರ್ಕಾರದ ಜಾಲತಾಣಗಳಿಗಾಗಿ 2009ರಲ್ಲಿ ಮಾರ್ಗಸೂಚಿಗಳು ಪ್ರಕಟವಾದವು. ಅಂತರರಾಷ್ಟ್ರೀಯ ಮಾನದಂಡವಾದ ಡಬ್ಲ್ಯುಸಿಎಜಿ 2.0, ಅದರ ಎಎ ಹಂತದಲ್ಲಿ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವರ್ಣವ್ಯತ್ಯಾಸವನ್ನು ಸೂಚಿಸುತ್ತದೆ.

ಸುರಕ್ಷತೆ: ತಂತ್ರಾಂಶವನ್ನೂ ಅದಕ್ಕೆ ಸೇರಿಸಿದ ಪ್ಲಗಿನ್‌ಗಳನ್ನೂ ಕಾಲಕಾಲಕ್ಕೆ ನವೀಕರಿಸಬೇಕು, ದತ್ತಸಂಚಯದ ಪ್ರತಿಯನ್ನು ಬೇರೆಡೆ ಕಾಯ್ದಿಡಬೇಕು.

ಹೊಣೆಗಾರಿಕೆ: ಪ್ರತಿ ಪುಟಕ್ಕೂ ಒಬ್ಬ ಹೊಣೆಗಾರರನ್ನು ನೇಮಿಸಿ, ಕೊನೆಯ ಪರಿಷ್ಕರಣೆಯ ದಿನಾಂಕವನ್ನು ಪುಟದಲ್ಲಿಯೇ ನಮೂದಿಸುವುದು ಉತ್ತಮ ಕ್ರಮ. ತಂತ್ರಾಂಶವು ಪ್ರಕಟಣೆಯನ್ನು ಸುಲಭಗೊಳಿಸುತ್ತದೆ. ಹಳೆಯ ಸುತ್ತೋಲೆಯನ್ನು ಗುರುತಿಸಿ ತೆಗೆಯುವ ನಿರ್ಧಾರವನ್ನು ಸಿಬ್ಬಂದಿಯೇ ಕೈಗೊಳ್ಳಬೇಕು.