ಆಂಜೈನಾ ಮತ್ತು ಕ್ಲಿನಿಕಲ್ ಟ್ರಯಲ್: ದೇವರಗುಡ್ಡ ಸೀಮೆಯ ರೋಗಿಯ ದಾರಿ

ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸಿಗದಾಗ ಎದೆಯಲ್ಲಿ ಕಾಣಿಸಿಕೊಳ್ಳುವ ಬಿಗಿತ, ಭಾರ ಅಥವಾ ನೋವಿಗೆ ಆಂಜೈನಾ ಎಂದು ಹೆಸರು. ಏರು ಹತ್ತುವಾಗ, ಹೊರೆ ಹೊತ್ತಾಗ, ಉಂಡ ಕೂಡಲೇ ನಡೆದಾಗ ಬಂದು, ನಿಂತು ಸುಧಾರಿಸಿಕೊಂಡರೆ ಕೆಲವು ನಿಮಿಷಗಳಲ್ಲಿ ಇಳಿಯುವುದು ಸ್ಥಿರ ಆಂಜೈನಾದ ಲಕ್ಷಣ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಗುಡಿ ಇರುವುದು ಗುಡ್ಡದ ಮೇಲೆ. ಏರುವಾಗ ನಡುದಾರಿಯಲ್ಲಿ ನಿಂತು ಎದೆ ಒತ್ತಿಕೊಳ್ಳುವವರು ಅದನ್ನು ಗ್ಯಾಸ್ ಎಂದೋ ಖಾರದ ಎದೆಯುರಿ ಎಂದೋ ತಳ್ಳಿಹಾಕುವುದು ಸುಲಭ. ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಂತೂ ಆ ವಿವರಣೆ ನಾಲಿಗೆಯ ತುದಿಯಲ್ಲೇ ಇರುತ್ತದೆ. ಈ ರೋಗಿಗಳು ಕ್ಲಿನಿಕಲ್ ಟ್ರಯಲ್‌ಗಳಿಂದ, ಅಂದರೆ ಚಿಕಿತ್ಸೆಯನ್ನು ಒರೆಗೆ ಹಚ್ಚುವ ಪ್ರಯೋಗಗಳಿಂದ, ದೂರ ಉಳಿದಷ್ಟು ಕಾಲವೂ ಅವರಿಗೆ ಸಿಗುವ ಚಿಕಿತ್ಸೆ ಬೇರೆ ನಾಡಿನ, ಬೇರೆ ಬದುಕಿನ ಜನರಿಂದ ಬಂದ ಲೆಕ್ಕದ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಅವರು ಟ್ರಯಲ್‌ಗಳನ್ನು ಹುಡುಕಿ ಸೇರುವುದು ಯೋಗ್ಯ. ಅವರ ಊರಿನ ತನಕ ಬರುವ ಹೊಣೆ ಟ್ರಯಲ್ ನಡೆಸುವವರದು.

ಆಂಜೈನಾದಲ್ಲಿ ಟ್ರಯಲ್ ಏಕೆ ಇಷ್ಟು ಮುಖ್ಯ ಎಂಬುದನ್ನು ಇತಿಹಾಸವೇ ತೋರಿಸಿದೆ. 1950ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯರು ಎದೆಗೂಡಿನ ಒಳಗಿನ ಒಂದು ರಕ್ತನಾಳವನ್ನು ಕಟ್ಟಿ, ಹೃದಯಕ್ಕೆ ಹೆಚ್ಚು ರಕ್ತ ಹರಿಯುವಂತೆ ಮಾಡುತ್ತೇವೆಂದು ನಂಬಿದ್ದರು. ರೋಗಿಗಳು ನೋವು ಕಡಿಮೆಯಾಯಿತು ಎಂದರು. 1959ರಲ್ಲಿ ಲಿಯೊನಾರ್ಡ್ ಕಾಬ್ ಮತ್ತು ಸಂಗಡಿಗರು 17 ಮಂದಿಯಲ್ಲಿ ಕೆಲವರಿಗೆ ನಾಳ ಕಟ್ಟಿ, ಉಳಿದವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಆರಾಮವಾಯಿತು. ಆ ಶಸ್ತ್ರಚಿಕಿತ್ಸೆ ಬೇಗನೆ ಮೂಲೆಗೆ ಸರಿಯಿತು. ಎದೆಯ ನೋವು ನಂಬಿಕೆಗೂ ಇಳಿಯುತ್ತದೆ, ವಿಶ್ರಾಂತಿಗೂ ಇಳಿಯುತ್ತದೆ, ಋತು ಬದಲಾದರೂ ಇಳಿಯುತ್ತದೆ. ಹಾಗಾಗಿ ‘ನನಗೆ ಗುಣವಾಯಿತು’ ಎಂಬ ಒಬ್ಬನ ಮಾತು, ಅದೆಷ್ಟೇ ಪ್ರಾಮಾಣಿಕವಾಗಿರಲಿ, ಚಿಕಿತ್ಸೆಗೆ ಸಾಕ್ಷಿಯಾಗದು. ಇದೇ ಪ್ರಶ್ನೆ ಕಿರಿದಾದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್‌ಗೂ ಬಂತು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಆರ್ಬಿಟಾ ಟ್ರಯಲ್‌ನಲ್ಲಿ 200 ಮಂದಿಗೆ ಒಂದೋ ನಿಜವಾದ ಸ್ಟೆಂಟ್, ಇಲ್ಲವೇ ಸ್ಟೆಂಟ್ ಹಾಕದ ತೋರಿಕೆಯ ಚಿಕಿತ್ಸೆ ಮಾಡಲಾಯಿತು. ಎರಡೂ ಗುಂಪಿನವರು ಔಷಧಿಯನ್ನು ಚೆನ್ನಾಗಿ ತೆಗೆದುಕೊಳ್ಳುತ್ತಿದ್ದಾಗ, ಓಡುಪಟ್ಟಿಯ (ಟ್ರೆಡ್‌ಮಿಲ್) ಮೇಲೆ ನಡೆಯುವ ಅವಧಿಯಲ್ಲಿ ಸಿಕ್ಕ ಅಂತರ 16.6 ಸೆಕೆಂಡು, ಅದು ಆಕಸ್ಮಿಕವಲ್ಲ ಎಂದು ಹೇಳಲು ಸಾಲದಷ್ಟು ಚಿಕ್ಕದು. ಆದರೆ 2023ರ ಆರ್ಬಿಟಾ-2ರಲ್ಲಿ ಆಂಜೈನಾ ಔಷಧಿ ನಿಲ್ಲಿಸಿದ 301 ಮಂದಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ನೋವು ನಿಜಕ್ಕೂ ಕಡಿಮೆಯಿತ್ತು. ನಡುವೆ 2020ರಲ್ಲಿ, ಭಾರತವೂ ಸೇರಿ 37 ದೇಶಗಳ 5,179 ರೋಗಿಗಳ ಇಸ್ಕೀಮಿಯಾ ಟ್ರಯಲ್ ಇನ್ನೊಂದು ವಿಷಯ ಸ್ಪಷ್ಟಪಡಿಸಿತು: ಸ್ಥಿರ ಕಾಯಿಲೆಯಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದರೆ ಸಾವು, ಹೃದಯಾಘಾತ ಕಡಿಮೆಯಾಗಲಿಲ್ಲ, ಆದರೆ ಮೇಲಿಂದ ಮೇಲೆ ನೋವು ಬರುತ್ತಿದ್ದವರ ಬದುಕು ಹಗುರಾಯಿತು. ಹೊಲ ಮಾರಿ ಸ್ಟೆಂಟ್ ಹಾಕಿಸಬೇಕೋ, ಗುಳಿಗೆಯಲ್ಲೇ ಮುಂದುವರಿಯಬಹುದೋ ಎಂದು ರೋಗಿಯ ಮನೆಯವರು ಕೇಳುವ ಪ್ರಶ್ನೆಗೆ ಇಂದು ಇರುವ ಅತ್ಯಂತ ಗಟ್ಟಿ ಉತ್ತರ ಇಂಥ ಟ್ರಯಲ್‌ಗಳಿಂದಲೇ ಬಂದದ್ದು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ನೆಲೆಯಿಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಯ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರು, ಅದೇ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಸಲೀಂ ಯೂಸುಫ್ ಅವರೊಂದಿಗೆ ದೊಡ್ಡ ಅಧ್ಯಯನಗಳನ್ನು ನಡೆಸಿದ್ದಾರೆ. 2008ರಲ್ಲಿ ಪ್ರಕಟವಾದ ಕ್ರಿಯೇಟ್ ಎಂಬ ನೋಂದಣಿ ಅಧ್ಯಯನ ಭಾರತದ 89 ಆಸ್ಪತ್ರೆಗಳ 20,468 ತೀವ್ರ ಹೃದ್ರೋಗಿಗಳದ್ದು. ಚಿಕಿತ್ಸೆಯನ್ನು ಹೋಲಿಸುವ ಟ್ರಯಲ್ ಅಲ್ಲದಿದ್ದರೂ ಅದು ಹೇಳಿದ ಸಂಗತಿ ಹಳ್ಳಿಯ ಮಟ್ಟಿಗೆ ಕಟುವಾದದ್ದು. 30 ದಿನಗಳೊಳಗೆ ಬಡವರಲ್ಲಿ ಶೇ 8.2 ಮಂದಿ, ಶ್ರೀಮಂತರಲ್ಲಿ ಶೇ 5.5 ಮಂದಿ ಸತ್ತರು. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದಾಗ ಈ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಬಡವರನ್ನು ಕೊಂದದ್ದು ಬಡವರ ದೇಹವಲ್ಲ, ಸಿಗದ ಚಿಕಿತ್ಸೆ. ಹಲವು ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ನೋಡಿದ ಟಿಪ್ಸ್ ಅಧ್ಯಯನ 2009ರಲ್ಲಿ ಬಂತು. ಅದರ ಮುಂದಿನ ಟಿಪ್ಸ್-3ರಲ್ಲಿ, ಹೃದ್ರೋಗ ಇನ್ನೂ ಬಾರದ ಆದರೆ ಬರುವ ಸಂಭವವಿದ್ದ 5,713 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಆ ಗುಳಿಗೆಯ ಜೊತೆ ಆಸ್ಪಿರಿನ್ ನುಂಗಿದವರಲ್ಲಿ ಹೃದಯ-ರಕ್ತನಾಳದ ಅವಘಡಗಳು ಶೇ 31ರಷ್ಟು ಕಡಿಮೆಯಾದವು. ಅದರಲ್ಲಿ ಪಾಲ್ಗೊಂಡವರ ಪೈಕಿ ಭಾರತೀಯರ ಪಾಲು ದೊಡ್ಡದು. ಅಗ್ಗದ ಗುಳಿಗೆಯನ್ನು ನಮ್ಮ ಜನರಲ್ಲೇ ಒರೆಗೆ ಹಚ್ಚಲು ಸಾಧ್ಯವೆಂದಾದ ಮೇಲೆ, ಆಂಜೈನಾದ ಗುಳಿಗೆಗಳಿಗೂ ಅದೇ ದಾರಿ ಇದೆ.

ಇನ್ನು ಹುಡುಕುವ ಬಗೆ. ಟ್ರಯಲ್ ಸೇರಲು ಮೊದಲು ಕಾಯಿಲೆ ಖಚಿತವಾಗಬೇಕು, ಇಲ್ಲಿಯೇ ಹೆಚ್ಚು ಮಂದಿ ತಡೆದು ನಿಲ್ಲುವುದು. ವಿಶ್ರಾಂತಿಯಲ್ಲಿದ್ದಾಗ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ಆಂಜೈನಾ ಇಲ್ಲವೆಂದಲ್ಲ. ಟಿಎಂಟಿ (ಓಡುಪಟ್ಟಿಯ ಪರೀಕ್ಷೆ), ಎಕೋ, ಬೇಕಾದರೆ ಸಿಟಿ ಅಥವಾ ಸಾಮಾನ್ಯ ಆಂಜಿಯೋಗ್ರಾಂ ಆಗಬೇಕು. ಹೆಂಗಸರಲ್ಲಿ ದೊಡ್ಡ ನಾಳದಲ್ಲಿ ಬ್ಲಾಕ್ ಕಾಣದಿದ್ದರೂ ಸೂಕ್ಷ್ಮನಾಳಗಳ ತೊಂದರೆಯಿಂದ ನೋವು ಬರುವುದುಂಟು, ಅಂಥವರನ್ನು ‘ಏನೂ ಇಲ್ಲ’ ಎಂದು ಕಳಿಸಿಬಿಡುವುದು ಅನ್ಯಾಯ. ಆಂಜಿಯೋಗ್ರಾಂನ ಸಿಡಿ, ಎಕೋ ವರದಿ, ಕ್ರಿಯಾಟಿನಿನ್ ಮತ್ತು ಸಕ್ಕರೆಯ ಪರೀಕ್ಷೆ, ನುಂಗುತ್ತಿರುವ ಗುಳಿಗೆಗಳ ಚೀಟಿ ಇವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡ ರೋಗಿಗೆ ಅರ್ಧ ಕೆಲಸ ಮುಗಿದಂತೆ. ಯಾವ ಟ್ರಯಲ್‌ನ ಅರ್ಹತೆಯೂ ಈ ಕಾಗದಗಳ ಮೇಲೆಯೇ ತೀರ್ಮಾನವಾಗುತ್ತದೆ. ಆಮೇಲೆ ನೋಡಬೇಕಾದದ್ದು ಸಿಟಿಆರ್‌ಐ, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರ ಜುಲೈನಲ್ಲಿ ಶುರುಮಾಡಿದ ಟ್ರಯಲ್ ನೋಂದಣಿ. ಅದರಲ್ಲಿ ಕಾಯಿಲೆಯ ಹೆಸರಿನಿಂದ ಹುಡುಕಿದರೆ ಟ್ರಯಲ್ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ, ಭರ್ತಿ ಇನ್ನೂ ತೆರೆದಿದೆಯೇ, ಯಾರನ್ನು ಸಂಪರ್ಕಿಸಬೇಕು ಎಲ್ಲವೂ ಸಿಗುತ್ತದೆ. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ನೋಂದಾಯಿಸಿದ ಟ್ರಯಲ್‌ಗೆ ಮಾತ್ರ ಅಲ್ಲಿ ಜಾಗ. ಇದರ ಮಹತ್ವ ದೇವರಗುಡ್ಡದವರಿಗೆ ಬೇಗ ತಿಳಿದೀತು: ದಸರೆಯಲ್ಲಿ ಬಿಲ್ಲೇರಿದ ಗೊರವಯ್ಯ ನುಡಿಯುವ ಕಾರಣಿಕ ಎಂಬ ಭವಿಷ್ಯವಾಣಿಗೆ ಮಳೆಬೆಳೆ ನೋಡಿಕೊಂಡು ಜನ ಆಮೇಲೆ ಅರ್ಥ ಹಚ್ಚುತ್ತಾರೆ, ಅದು ಭಕ್ತಿಯ ರೀತಿ, ಟ್ರಯಲ್‌ನಲ್ಲಿ ಮಾತ್ರ ಯಾವುದನ್ನು ಗೆಲುವೆಂದು ಎಣಿಸುತ್ತೇವೆ ಎಂಬುದನ್ನು ಮೊದಲೇ ಬರೆದಿಡಬೇಕು, ಫಲಿತಾಂಶ ಬಂದ ಮೇಲೆ ಅರ್ಥ ಬದಲಿಸಲು ಬಿಡಬಾರದು. ನೋಂದಣಿಯ ವಿವರ ಇಂಗ್ಲಿಷಿನಲ್ಲಿರುವುದು ದೊಡ್ಡ ಕೊರತೆ. ಕಾಲೇಜು ಓದುವ ಮಗಳೋ ಮೊಮ್ಮಗನೋ ಓದಿ ಹೇಳಬಹುದು, ಆದರೆ ಆ ಪುಟವನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸದೆ ಮುಂದುವರಿಯಬಾರದು. ಹಾವೇರಿ, ರಾಣೆಬೆನ್ನೂರಿನವರಿಗೆ ಹುಬ್ಬಳ್ಳಿ, ದಾವಣಗೆರೆಯ ವೈದ್ಯಕೀಯ ಕಾಲೇಜುಗಳು ಹತ್ತಿರ. ಅಲ್ಲಿನ ಹೃದ್ರೋಗ ವಿಭಾಗದಲ್ಲಿ ನೇರವಾಗಿ ವಿಚಾರಿಸುವುದೂ ಒಂದು ದಾರಿ.

ಬಡವರನ್ನು ಪ್ರಯೋಗದ ಇಲಿ ಮಾಡುತ್ತಾರೆ ಎಂಬ ಆಕ್ಷೇಪವನ್ನು ಹಗುರಾಗಿ ಕಾಣಬಾರದು. ಆಂಧ್ರ ಮತ್ತು ಗುಜರಾತಿನಲ್ಲಿ ಹುಡುಗಿಯರ ಮೇಲೆ ನಡೆದ ಎಚ್‌ಪಿವಿ ಲಸಿಕೆಯ ಅಧ್ಯಯನವನ್ನು ಒಪ್ಪಿಗೆಯ ಲೋಪಗಳ ದೂರಿನ ನಡುವೆ 2010ರಲ್ಲಿ ನಿಲ್ಲಿಸಬೇಕಾಯಿತು. ಟ್ರಯಲ್‌ಗಳ ಅಕ್ರಮದ ವಿರುದ್ಧ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ಸಿಟ್ಟಿನ ಫಲವಾಗಿಯೇ ಕಾನೂನು ಬಿಗಿಯಾಗಿ, 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದವು. ಅವುಗಳ ಪ್ರಕಾರ ಟ್ರಯಲ್‌ಗೆ ಅನುಮತಿ ಕೊಡುವ ನೈತಿಕ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟಾದರೂ ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು. ಒಪ್ಪಿಗೆ ಪತ್ರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದವರ ಪರವಾಗಿ ನಿಷ್ಪಕ್ಷಪಾತಿ ಸಾಕ್ಷಿ ಇರಬೇಕು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಸಾವಾದರೆ 8 ಲಕ್ಷ ರೂಪಾಯಿಯ ಮೂಲ ಮೊತ್ತವನ್ನು ವಯಸ್ಸು, ಕಾಯಿಲೆಯ ತೀವ್ರತೆಗೆ ತಕ್ಕಂತೆ ಲೆಕ್ಕಹಾಕಿದ ಪರಿಹಾರ ಸಿಗಬೇಕು. ಬರಿಯ ಸಕ್ಕರೆ ಗುಳಿಗೆ ಕೊಟ್ಟು ನರಳಲು ಬಿಡುತ್ತಾರೆ ಎಂಬ ಭಯಕ್ಕೂ ನಿಯಮದಲ್ಲೇ ಉತ್ತರವಿದೆ: ಲಭ್ಯವಿರುವ ಚಿಕಿತ್ಸೆಯನ್ನು ಕೊಡದೆ ತೋರಿಕೆಯ ಔಷಧಿ ಕೊಟ್ಟು ಹಾನಿಯಾದರೆ ಅದೂ ಪರಿಹಾರಕ್ಕೆ ಅರ್ಹ. ಆಂಜೈನಾ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಈಗಿನ ಔಷಧಿಗಳ ಮೇಲೆ ಹೊಸದನ್ನು ಸೇರಿಸುತ್ತಾರೆ. ನೋವು ಬಂದಾಗ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ತನ್ನ ಬಳಿ ಇರುತ್ತದೆಯೇ ಎಂದು ರೋಗಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಕಾನೂನು ಕಾಗದದ ಮೇಲಿದ್ದರೆ ಸಾಲದು ಎನ್ನುವವರ ಮಾತು ನಿಜ. ಹಾಗೆಂದು ಹಳ್ಳಿಯವರನ್ನು ಹೊರಗಿಡುವುದು ರಕ್ಷಣೆಯಾಗದು. ಚಿಕಿತ್ಸೆಯಿಂದ ಹೊರಗುಳಿದವರಿಗೆ ಆಗುವ ಹಾನಿಯೇನೆಂದು ಕ್ರಿಯೇಟ್ ಲೆಕ್ಕ ತೋರಿಸಿದೆ.

ಗಟ್ಟಿಯಾದ ಅಡ್ಡಿ ಎಂದರೆ ದೂರ. ತಿಂಗಳಿಗೊಮ್ಮೆ ಬೆಂಗಳೂರಿಗೆ ಬನ್ನಿ ಎಂದರೆ, ಮೆಕ್ಕೆಜೋಳ ಮುರಿಯುವ ದಿನಗಳಲ್ಲಿ ಕೂಲಿಯ ಹೆಂಗಸು ಬರಲಾರಳು, ಬರದವಳನ್ನು ‘ನಡುವೆ ಬಿಟ್ಟವರು’ ಎಂದು ಬರೆಯುತ್ತಾರೆ. ಇದು ಆಕೆಯ ತಪ್ಪಲ್ಲ. ಪ್ರಯಾಣದ ಖರ್ಚು ಮತ್ತು ಕಳೆದ ಕೂಲಿ ಕೊಡುವುದು, ನಡುವಿನ ತಪಾಸಣೆಯನ್ನು ಹಾವೇರಿ ಜಿಲ್ಲಾಸ್ಪತ್ರೆಯಲ್ಲೋ ರಾಣೆಬೆನ್ನೂರಿನಲ್ಲೋ ಮಾಡುವುದು, ರಕ್ತದೊತ್ತಡವನ್ನು ಆಶಾ ಕಾರ್ಯಕರ್ತೆಯ ಮೂಲಕ ಅಳೆಸಿ ಫೋನಿನಲ್ಲಿ ವಿಚಾರಿಸುವುದು ಟ್ರಯಲ್‌ನ ಯೋಜನೆಯಲ್ಲೇ ಇರಬೇಕು. ಇದಕ್ಕೆ ದಾರಿ ರಾಜ್ಯದಲ್ಲೇ ತೆರೆದಿದೆ: ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಸಿಗುವ ಏರ್ಪಾಡಿದೆ. ಚಿಕಿತ್ಸೆಗಾಗಿ ಹಾಕಿದ ಆ ಜಾಲದ ಮೇಲೆ ಸಂಶೋಧನೆಯನ್ನೂ ನಡೆಸಬಹುದು.

ಸಹಿ ಹಾಕುವ ಮುನ್ನ ಒಪ್ಪಿಗೆ ಪತ್ರದ ಪ್ರತಿಯನ್ನು ಮನೆಗೆ ಒಯ್ದು ನಾಲ್ಕು ಮಂದಿಯ ಮುಂದೆ ಓದಿಸುವ ಹಕ್ಕು ರೋಗಿಗಿದೆ. ಕಾರಣ ಹೇಳದೆ ಯಾವಾಗ ಬೇಕಾದರೂ ಬಿಡುವ ಹಕ್ಕೂ ಇದೆ, ಅದರಿಂದ ಮುಂದಿನ ಚಿಕಿತ್ಸೆಗೆ ಅಡ್ಡಿಯಾಗುವಂತಿಲ್ಲ. ಟ್ರಯಲ್ ಮುಗಿದ ಮೇಲೆ ಔಷಧಿ ಸಿಗುತ್ತದೆಯೇ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಕೇಳಿಕೊಳ್ಳಬೇಕು. ಸುಮ್ಮನೆ ಕುಳಿತಾಗಲೂ ನೋವು ಬರುತ್ತಿದ್ದರೆ, ಸುಧಾರಿಸಿಕೊಂಡರೂ ಕೆಲವು ನಿಮಿಷಗಳಲ್ಲಿ ಇಳಿಯದಿದ್ದರೆ, ಬೆವರು ಬಂದು ಎಡಗೈ ಅಥವಾ ದವಡೆಗೆ ಹಬ್ಬಿದರೆ, ಅದು ಟ್ರಯಲ್ ಹುಡುಕುವ ಹೊತ್ತಲ್ಲ. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆ ಸೇರಬೇಕು.