ಅಕ್ಷರವಿಲ್ಲದ ಪುಸ್ತಕ ಅಂಗಳಕ್ಕಿಳಿದ ಕತೆ

ಆ ಪುಸ್ತಕಕ್ಕೆ ಮೊದಲು ಇದ್ದದ್ದು ಮೂರೇ ಹಾಳೆ: ಕಪ್ಪು, ಕೆಂಪು, ಬಿಳಿ. ಒಳಗೆ ಒಂದಕ್ಷರವೂ ಇರಲಿಲ್ಲ. 1866ರ ಜನವರಿಯಲ್ಲಿ ಲಂಡನ್ನಿನ ಹೆಸರಾಂತ ಬೋಧಕ ಚಾರ್ಲ್ಸ್ ಸ್ಪರ್ಜನ್ ತಮ್ಮ ಪ್ರಸಂಗದಲ್ಲಿ ಇದರ ಸಂಗತಿ ಹೇಳಿದರು. ಯಾರೋ ವಯಸ್ಸಾದ ಬೋಧಕರು ಮೂರು ಹಾಳೆ ಸೇರಿಸಿಟ್ಟುಕೊಂಡು ಆಗಾಗ ಬಿಚ್ಚಿ ನೋಡುತ್ತಿದ್ದರಂತೆ. ಕಪ್ಪು ತನ್ನ ಪಾಪ, ಕೆಂಪು ಕ್ರಿಸ್ತನ ರಕ್ತ, ಬಿಳಿ ತೊಳೆದ ಮೇಲಿನ ಶುದ್ಧಿ. ಊರಿಗೆ ಸಾರಲಿಕ್ಕಲ್ಲ, ತನಗೆ ಮರೆಯದಿರಲಿ ಎಂದು. ನಮ್ಮ ಸಂಡೇ ಸ್ಕೂಲಿನ ಮಕ್ಕಳು ಈಗ ಅದೇ ಬಣ್ಣಗಳನ್ನು ಕೈಯಲ್ಲಿ ಹಿಡಿದು ಚರ್ಚಿನ ಅಂಗಳದಲ್ಲಿ ಧೂಳೆಬ್ಬಿಸಿ ಓಡುತ್ತಾರೆ. ಶಾಲೆಯಲ್ಲಿ ಪಿ.ಟಿ. ಮಾಸ್ತರನಾಗಿಯೇ ನಿವೃತ್ತನಾದ ನನಗೆ ಈ ಓಟ ಎಲ್ಲಿಂದ ಬಂತು ಎಂಬುದೇ ದೊಡ್ಡ ಕುತೂಹಲ.

ಬಣ್ಣಗಳದ್ದೇ ಒಂದು ದಾರಿ. 1875ರಲ್ಲಿ ಅಮೆರಿಕದ ಬೋಧಕ ಡಿ. ಎಲ್. ಮೂಡಿ ಬಂಗಾರದ ಹಾಳೆ ಸೇರಿಸಿದರು, ಅದು ಪರಲೋಕ. ಓದು ಬಾರದ ಜನರ ನಡುವೆ ಹೋಗುತ್ತಿದ್ದ ಮಿಷನರಿಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. 1895ರ ಕೊನೆಗೆ ಬೆಂಗಳೂರಿಗೆ ಬಂದಿಳಿದು, ಆಮೇಲೆ ತಮಿಳುನಾಡಿನ ತಿರುನೆಲ್ವೇಲಿ ಕಡೆ ನೆಲೆಸಿದ ಏಮಿ ಕಾರ್ಮೈಕಲ್ ಇದೇ ಬಣ್ಣಗಳ ಸ್ಯಾಟಿನ್ ಬಾವುಟ ಹೊಲಿಸಿ ಎತ್ತಿನಗಾಡಿಗೆ ಕಟ್ಟಿದ್ದರು. ಬಾವುಟ ನೋಡಿದ ಜನ ಇದೇನೆಂದು ಕೇಳುತ್ತಾರೆ, ಮಾತು ಅಲ್ಲಿಂದ ಶುರು. 1937ರಲ್ಲಿ ಓವರ್‌ಹೋಲ್ಟ್ಸರ್ ಎಂಬವರು ಅಮೆರಿಕದಲ್ಲಿ ಚೈಲ್ಡ್ ಇವ್ಯಾಂಜೆಲಿಸಂ ಫೆಲೋಶಿಪ್ ಕಟ್ಟಿದರು. ಆ ಸಂಸ್ಥೆಯ ಕೈಯಲ್ಲಿ ಹಸಿರು ಸೇರಿತು, ನಂಬಿದ ಮೇಲಿನ ಬೆಳವಣಿಗೆಗೆ. ಹೀಗೆ ಐದು ಬಣ್ಣ.

ಓಟದ ದಾರಿ ಬೇರೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಊರಿನ ಪತ್ರಿಕಾ ಸಂಪಾದಕ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ಶುರು ಮಾಡಿದಾಗ ಅದು ಕೂತು ಓದುವ ಶಾಲೆ. ವಾರವಿಡೀ ದುಡಿಯುವ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಒಂದೇ, ಅವತ್ತೂ ಕೈಕಟ್ಟಿ ಕೂರಬೇಕು. 1876ರಲ್ಲಿ ಅಲಹಾಬಾದಿನಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿ ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಂದು ವ್ಯವಸ್ಥೆ ಬಂತು. ನಮ್ಮ ಬಾಲ್ಯಕ್ಕೆ ಬಂದದ್ದೂ ಅದೇ ಪದ್ಧತಿ: ಕಂಠಪಾಠ ವಚನ ಒಪ್ಪಿಸು, ಬಣ್ಣದ ಕಾರ್ಡು ತಗೋ. ನೆನಪಿನ ಶಕ್ತಿ ಇದ್ದವನಿಗೆ ಕಾರ್ಡು, ಇಲ್ಲದವನಿಗೆ ಕಿವಿ ಹಿಂಡು. ಇದನ್ನು ಹೊಗಳುವವರು ನಮ್ಮ ಸಭೆಯಲ್ಲಿ ಇನ್ನೂ ಇದ್ದಾರೆ. ಅವರೆಲ್ಲ ಕಾರ್ಡು ಗೆದ್ದವರೇ!

ಅಂಗಳಕ್ಕೆ ಬಾಗಿಲು ತೆರೆದದ್ದು ನ್ಯೂಯಾರ್ಕಿನ ಬಡವರ ಕೇರಿ. 1898ರ ಬೇಸಿಗೆಯಲ್ಲಿ ಎಲೈಜಾ ಹಾಸ್ ಎಂಬ ಮಹಿಳೆ ಬೀದಿಮಕ್ಕಳಿಗಾಗಿ ದಿನಾಲೂ ನಡೆಯುವ ಬೈಬಲ್ ಶಾಲೆ ತೆರೆದರು. ಬಾಡಿಗೆಗೆ ಸಿಕ್ಕ ಜಾಗ ಬಿಯರ್ ಕುಡಿಯುವ ಹಾಲ್. ಅದನ್ನು ನೋಡಿದ ರಾಬರ್ಟ್ ಬೋವಿಲ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1901ರಲ್ಲಿ ಅಂಥವೇ ಶಾಲೆಗಳನ್ನು ಊರಲ್ಲಿ ಅಲ್ಲಲ್ಲಿ ಶುರು ಮಾಡಿದರು. ಬೇಸಿಗೆಯಲ್ಲಿ ಮಕ್ಕಳೂ ಖಾಲಿ, ಚರ್ಚುಗಳೂ ಖಾಲಿ, ಕಾಲೇಜು ಹುಡುಗರೂ ಖಾಲಿ. ಮೂರನ್ನೂ ಸೇರಿಸಿದರೆ ಕೆಲಸವಾಯಿತು ಎನ್ನುವುದು ಅವರ ಲೆಕ್ಕ. ಪಾಠ, ಹಾಡು, ಕೈಕಸುಬು, ಆಟ ನಾಲ್ಕೂ ಇದ್ದವು, ಆದರೆ ಆಟದೊಳಗೆ ಪಾಠ ಇರಲಿಲ್ಲ. ಆಟ ಆಟವೇ. ಇವತ್ತು ನಾವು ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್) ಎನ್ನುವ ರಜಾಶಾಲೆ ಇದರ ಸಂತಾನ.

ಬಣ್ಣವೂ ಓಟವೂ ಒಂದಾದದ್ದು ಈ ರಜಾಶಾಲೆಗಳಲ್ಲೇ. ನಮ್ಮ ಗದಗ ಸೀಮೆಯಲ್ಲಿ ಮೇ ತಿಂಗಳ ಬಿಸಿಲಿಗೆ ಬೆಳಿಗ್ಗೆ ಎಂಟಕ್ಕೇ ಆಟ ಮುಗಿಸಬೇಕು. ಎರಡು ಸಾಲು, ನಡುವೆ ಒಂದು ಬುಟ್ಟಿ, ಬುಟ್ಟಿಯಲ್ಲಿ ಐದು ಬಣ್ಣದ ಬಟ್ಟೆ ಚೂರು. ಸೀಟಿ ಊದಿದ ಕೂಡಲೇ ಮೊದಲಿನವನು ಓಡಿ ಕೈಗೆ ಸಿಕ್ಕ ಬಣ್ಣ ಎತ್ತಬೇಕು. ಆಚೆ ತುದಿಯಲ್ಲಿ ಒಬ್ಬ ‘ಗೆಳೆಯ’ ನಿಂತಿರುತ್ತಾನೆ, ಅವನಿಗೆ ಆ ಬಣ್ಣದ ಸಂಗತಿಯನ್ನು ಒಂದೇ ಮಾತಿನಲ್ಲಿ ಹೇಳಬೇಕು. ಗೆಳೆಯನಿಗೆ ತಿಳಿಯದಿದ್ದರೆ ಅವನು ತಲೆ ಅಲ್ಲಾಡಿಸುತ್ತಾನೆ, ಇನ್ನೊಮ್ಮೆ ಹೇಳಬೇಕು. ತಿಳಿಯಿತೆಂದರೆ ಅವನೇ ಬಟ್ಟೆ ತಗೊಂಡು ಓಡಿ ಸಾಲಿಗೆ ಸೇರುತ್ತಾನೆ, ಹೇಳಿದವನು ಗೆಳೆಯನ ಜಾಗದಲ್ಲಿ ನಿಲ್ಲುತ್ತಾನೆ. ಆಟದ ಜೀವ ಇರುವುದು ಈ ಅದಲುಬದಲಿನಲ್ಲಿ. ಓಡಿ ದಮ್ಮು ಹತ್ತಿದ ಹುಡುಗನ ಬಾಯಿಗೆ ಕಂಠಪಾಠ ಬರುವುದಿಲ್ಲ, ಅವನದೇ ಮಾತು ಬರುತ್ತದೆ. ಕೆಂಪು ಬಟ್ಟೆ ಹಿಡಿದು ಒಬ್ಬಳು ‘ನನ್ನ ಸಲುವಾಗಿ ಪೆಟ್ಟು ತಿಂದಾನ’ ಎಂದಳು. ಯಾವ ಟೀಚರೂ ಹಾಗೆ ಹೇಳಿಕೊಟ್ಟಿರಲಿಲ್ಲ.

ಸಾಕ್ಷಿ ಹೇಳುವುದು ಹೀಗೇ ಅಲ್ಲವೇ? ಯೋಹಾನನ ಸುವಾರ್ತೆಯಲ್ಲಿ ಅಂದ್ರೆಯ ಅಣ್ಣ ಸೀಮೋನನನ್ನು ಹುಡುಕಿಕೊಂಡು ಹೋದ, ಫಿಲಿಪ್ಪ ನತಾನಯೇಲನನ್ನು ಹುಡುಕಿದ. ಇಬ್ಬರೂ ಎದ್ದು ಹೋದವರು. ಖೋ-ಖೋ ಆಡುವ ನಾಡಿನ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಬೆನ್ನು ಮುಟ್ಟಿ ‘ಖೋ’ ಎಂದರೆ ಕೂತವನು ಏಳಲೇಬೇಕು.

ಆದರೆ ಆಟ ಅಂಗಳದ ಒಳಗಿನದು. ಬೇರೆ ಧರ್ಮದ ಮನೆಯ ಮಕ್ಕಳೂ ಆಸೆಪಟ್ಟು ಬರುತ್ತಾರೆ. ನಮ್ಮ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯ ಗಲಾಟೆಗೂ ಮೊದಲಿನಿಂದಲೇ ಅಪ್ಪ-ಅಮ್ಮನ ಒಪ್ಪಿಗೆ ಕೇಳಿಯೇ ಅವರನ್ನು ಸೇರಿಸಿಕೊಳ್ಳಬೇಕೆಂಬುದು ನನ್ನ ಹಟ. ಮನೆಯವರಿಗೆ ಮುಚ್ಚಿಟ್ಟು ಹೇಳುವುದು ಸಾಕ್ಷಿಯಲ್ಲ, ಕಳ್ಳಾಟ.

ಇನ್ನೊಂದು ತಕರಾರು ಕಪ್ಪಿನದು. ಲಂಡನ್ನಿನಲ್ಲಿ ಕಪ್ಪು ಪಾಪವಾದದ್ದು ಸರಿಯಿರಬಹುದು. ನಮ್ಮದು ಎರೆಭೂಮಿ. ಹತ್ತಿ, ಬಿಳಿಜೋಳ, ಕಡಲೆ ಬೆಳೆಯುವುದು ಆ ಕರಿನೆಲದಲ್ಲೇ. ಅದೂ ಅಲ್ಲದೆ, ಕಪ್ಪು ಬಟ್ಟೆ ಎತ್ತಿದ ಕೂಡಲೇ ಸಾಲಿನ ಕರಿ ಹುಡುಗನ ಕಡೆ ನಾಲ್ಕು ಕಣ್ಣು ತಿರುಗುವುದನ್ನು ನಾನು ಕಂಡಿದ್ದೇನೆ. ಹೋದ ವರ್ಷ ಬುಟ್ಟಿಯಿಂದ ಕಪ್ಪನ್ನು ತೆಗೆದು, ಮಸಿ-ಎಣ್ಣೆ ಮೆತ್ತಿದ ಒಂದು ಒರೆಸುಬಟ್ಟೆ ಹಾಕಿದೆ. ಮಕ್ಕಳು ಅದನ್ನು ಎರಡು ಬೆರಳಲ್ಲಿ ಹಿಡಿದು ಓಡಿದರು. ಹಿರಿಯ ಟೀಚರುಗಳು ಇನ್ನೂ ಒಪ್ಪಿಲ್ಲ. ಪುಸ್ತಕದಲ್ಲಿ ಇದ್ದಂತೆಯೇ ಇರಬೇಕು ಎನ್ನುತ್ತಾರೆ. ಯಾವ ಪುಸ್ತಕ, ಮೂರು ಹಾಳೆಯದ್ದೋ ಐದು ಹಾಳೆಯದ್ದೋ ಎಂದು ಕೇಳಿದ್ದೇನೆ. ಮುಂದಿನ ಕಮಿಟಿ ಸಭೆಗೆ ಹಾಕಿದ್ದಾರೆ.